ಎಡಗೈಯಲ್ಲಿ ಸೂಜಿ

...ಇಲ್ಲಮ್ಮಾ ತಾಯಿ, ಮೊದಲು ಒರೆಸು, ಆಮೇಲೆ ಮಾತು. ಬಟ್ಟೆ ತಗೋ, ಟರ್ಪೆಂಟೈನಲ್ಲಿ ಅದ್ದು, ನಿನ್ನ ಚಿತ್ರದ ಆ ಕೈ ಪೂರ್ತಿ ಒರೆಸಿಹಾಕು. ಏನು ಹಾಗೆ ನೋಡ್ತೀಯ? ನಾಲ್ಕು ತಿಂಗಳು ನನ್ನ ಹತ್ರ ಕಲಿತದ್ದು ಇದೇನಾ? ಮೂಲ ನೋಡಿ ನಾನು ಬರೆದ ನಕಲು ಗೋಡೆ ಮೇಲೇ ಇದೆ, ಕಣ್ಣೆತ್ತಿ ನೋಡು. ಹೊಲಿಯೋ ಹೆಂಗಸು. ಸೂಜಿ ಯಾವ ಕೈಲಿದೆ? ಎಡಗೈಲಿ. ನೀನು ಬರೆದದ್ದು? ಬಲಗೈಲಿ! ಬೆಳಕೂ ಆ ಕಡೆಯದ್ದು ಈ ಕಡೆಗೆ ಬಂದಿದೆ. ಕೆನ್ನೆ ಮೇಲಿನ ಮಚ್ಚೆ ಕೂಡ ಮನೆ ಬದಲಾಯಿಸಿದೆ.

ನಗ್ತೀಯಾ? ನಗು, ನಗು. ಇಪ್ಪತ್ತೆಂಟು ವರ್ಷದಿಂದ ಈ ಕೋಣೆಯಲ್ಲಿ ಇದೇ ಹೆಂಗಸನ್ನ ನೋಡಿ ಕಲಿತಿದಾರೆ. ಕುಂಚ ನೆಟ್ಟಗೆ ಹಿಡಿಯೋಕೆ ಬರದ ದಡ್ಡ ಶಿಖಾಮಣಿಗಳು ಕೂಡ ಕೈ ಬದಲಾಯಿಸಿರಲಿಲ್ಲ. ಎಡಗೈಯೇ ಆ ಚಿತ್ರದ ಪ್ರಾಣ ಕಣೇ! ಎಡಚರನ್ನ ಕಂಡು ಜನ ಆಡ್ಕೊಳ್ಳೋ ಕಾಲದಲ್ಲಿ ಮೂಲ ಬರೆದ ಆ ಮಹಾನುಭಾವ ಎಡಚಿಯನ್ನೇ ಕೂರಿಸಿ ಬರೆದ. ಈ ಮಾತಿಗೆ ಎಷ್ಟು ಸಭೆಗಳಲ್ಲಿ ಚಪ್ಪಾಳೆ ಬಿದ್ದಿದೆ ಗೊತ್ತಾ ನಿಂಗೆ?

ಮೂಲಚಿತ್ರದ ಮುಂದೆ ಮೂರು ತಿಂಗಳು ಸ್ಟೂಲ್ ಹಾಕ್ಕೊಂಡು ಕೂತವನು ನಾನು. ನನ್ನ ಕಂಡ ಕೂಡ್ಲೆ ಮ್ಯೂಸಿಯಂ ಕಾವಲುಗಾರ ಕಿಟಕಿ ಪರದೆ ಸರಿಸ್ತಿದ್ದ. ಅಂಥವನಿಗೆ... ಗುರುವಿಗೇ ತಿರುಮಂತ್ರ ಹಾಕ್ತೀಯಾ?

ತಪ್ಪಾಯ್ತು ಅನ್ನು, ಬಿಟ್ಟುಬಿಡ್ತೀನಿ. ಇಲ್ಲಾಂದ್ರೆ ಈ ಸಲದ ಪ್ರದರ್ಶನದಲ್ಲಿ ನಿನ್ನ ಚಿತ್ರ ಇರಲ್ಲ, ನಾಳೆಯಿಂದ ಈ ಕೋಣೇಲಿ ನೀನೂ ಇರಲ್ಲ.

ಚೀಲದಲ್ಲಿ ಏನು ಹುಡುಕ್ತಿದೀಯ? ಕೊಡು ಇಲ್ಲಿ. ಇದೇನು... ಟಿಕೆಟ್ಟು.

ಮ್ಯೂಸಿಯಂ ಟಿಕೆಟ್ಟು. ಮೊನ್ನೆ ಭಾನುವಾರದ್ದು.

ಓಹೋ. ಅಕ್ಕನ ಮನೆಗೆ ಅಂತ ರಜೆ ಹಾಕಿದ್ದು ಇದಕ್ಕಾ? ಸರಿ ಬಿಡು, ಅವರು ಬೇರೆ ಯಾವುದೋ ಚಿತ್ರ ತೂಗುಹಾಕಿರ್ತಾರೆ. ಕೆಳಗೆ ಹೆಸರು ಓದಿದ್ಯಾ? ...ಓದಿದೀಯ. ಹೊಲಿಯೋ ಹೆಂಗಸೇನಾ? ...ಹೂಂ. ತಲೆ ಆಡಿಸೋದೊಂದು ಚೆನ್ನಾಗಿ ಕಲಿತಿದೀಯ.

ಬೇಕಾದ್ರೆ ಬೈದುಬಿಡು. ಆ ಬೀರು ಕಡೆ ಯಾಕೆ ನೋಡ್ತೀಯ? ಅದರಲ್ಲೇನಿದೆ ಮಣ್ಣು... ಒಂದು ಹಳೇ ಪತ್ರಿಕೆ ಹಾಳೆ. ಆ ಹೆಂಗಸಿನದೇ, ಅಂಗೈ ಅಗಲದ ಚಿತ್ರ. ಅಚ್ಚು ಹಾಕೋವಾಗ ಎಡಬಲ ತಿರುಗಿಸಿಬಿಟ್ಟಿದ್ರೆ ನಾನೇನು ಮಾಡ್ಲಿ?

ನೀನು... ನಿಂಗೆ ಮೊದಲೇ ಗೊತ್ತಿತ್ತಾ ಆ ಹಾಳೆ?

ಮ್ಯೂಸಿಯಂಗೆ ಹೋಗಬೇಕು ಅಂತಲೇ ಇದ್ದೆ ಕಣಮ್ಮಾ. ಆದ್ರೆ ಹೋಗೋಕೆ ಮುಂಚೆನೇ ಹೋಗಿಬಂದೆ ಅಂತ ಹೇಳಿಬಿಟ್ಟಿದ್ದೆ, ಈ ಮೇಷ್ಟ್ರ ಕೆಲಸ ಸಿಗಲಿ ಅಂತ. ಆಮೇಲೆ ಭಯ ಆಯ್ತು. ಮೂರು ತಿಂಗಳು ಅಲ್ಲೇ ಕೂತವನು ಬಾಗಿಲಲ್ಲಿ ನಿಂತು ದಾರಿ ಕೇಳೋದನ್ನ ಯಾರಾದ್ರೂ ನೋಡಿದ್ರೆ?

ಏ, ಏ, ನಿಲ್ಲು. ಒರೆಸಬೇಡ. ಬಟ್ಟೆ ಕೆಳಗಿಡು.

ಒಂದು ಮಾತು ಹೇಳಿಬಿಡು. ಮೂಲದಲ್ಲಿ ಆ ಕೈ ಮೇಲೆ ಬಣ್ಣ ದಪ್ಪಕ್ಕೆ ಕೂತಿದೆಯಾ, ಇಲ್ಲಾ ತೆಳ್ಳಗಾ? ಹಾಳೇಲಿ ಅದೊಂದು ಗೊತ್ತೇ ಆಗ್ತಿರಲಿಲ್ಲ.