ನೂರಾ ಹದಿನೆಂಟು ಬೆರಳು

ಅಲ್ಲ ಮೋಕ್ಷಿತಾ ಡಾಕ್ಟ್ರೇ, ಅವಾರ್ಡ್ ಕೊಡೂಕೆ ಬಂದವರು ಹೀಗೆ ಮುಖ ಮಾಡ್ತ್ರಾ? ಕೂಕಣಿ. ಆ ಕುರ್ಚಿ ಬೇಡ, ಅದರ ಕಾಲು ಅಲ್ಲಾಡ್ತದೆ. ಕಂತು ಕಟ್ಟೂಕೆ ಸತಾಯಿಸುವವರನ್ನು ಕೂರಿಸೂದು ಅದರಲ್ಲಿ. ಇಲ್ಲಿ ಬನ್ನಿ. ಪಕ್ಕದ್ದು ಐಸ್ ಪ್ಲಾಂಟು, ಆ ಸದ್ದು ಆಮೇಲೆ ರೂಢಿಯಾಗ್ತದೆ... ಎಂತಕ್ಕೆ ನಗ್ತ್ರಿ? ಬೋರ್ಡ್ ಕಂಡಾ? ‘ಪದ್ದು, ವಿಮಾ ಸಲಹೆಗಾರರು, ಗಂಗೊಳ್ಳಿ.’ ಪದ್ದು ಅಂದ್ರೆ ನಾನೇ. ಬರೆದದ್ದೂ ನಾನೇ. ಶಾಲೆ ಎರಡೇ ವರ್ಷ. ಮತ್ತೆ ಓದು ಕಲಿತದ್ದು ಮೀನು ಕಟ್ಟುವ ಪೇಪರಿನಲ್ಲಿ. ಅರ್ಧ ಸುದ್ದಿ ಬಂಗುಡೆ ಜತೆ ಹೋಗಿಬಿಡ್ತಿತ್ತು, ಉಳಿದರ್ಧ ನಾನೇ ಕಟ್ಟಿಕೊಳ್ತಿದ್ದೆ.

ನಿಮ್ಮ ಕಂಪನಿ ಶುರುವಾದಾಗ ನಾಲ್ಕು ಜನ, ಒಂದು ಆ್ಯಪ್, ಅಲ್ದಾ? ಜೀವ ವಿಮೆ, ಆರೋಗ್ಯ ವಿಮೆ ಎಲ್ಲ ಫೋನಿನೊಳಗೇ. ನಿಮ್ಮ ಕಂಪನಿ ಯಜಮಾನ್ರು ಜಿತೇಂದ್ರ ಇಲ್ಲಿಯ ಮೀನು ಮಾರ್ಕೆಟ್ಟಿಗೆ ಬಂದು ಕರಪತ್ರ ಹಂಚಿದ್ರು. ಎಲ್ಲರೂ ಅದರಲ್ಲಿ ಸಿಗಡಿ ಕಟ್ಟಿಕೊಂಡು ಹೋದ್ರು. ಓದಿದ್ದು ನಾನೊಬ್ಬಳೇ. ಓದಿ ಹೇಳಿದೆ, ‘ಹ್ವಾಯ್, ಇಲ್ಲಿ ಫೋನನ್ನು ಯಾರೂ ನಂಬೂದಿಲ್ಲ. ಪದ್ದುವನ್ನು ನಂಬ್ತ್ರು.’ ಮೂರು ವರ್ಷ ಆಯ್ತು. ಬೈಂದೂರಿನಿಂದ ಬ್ರಹ್ಮಾವರದವರೆಗೆ ನಿಮ್ಮ ಪಾಲಿಸಿ ಇಲ್ಲದ ಒಂದು ಓಣಿ ತೋರಿಸಿ ಕಾಂಬ. ಈಗ ಬೈಂದೂರಲ್ಲಿ ಆಫೀಸು ಮಾಡ್ತ್ರಂತೆ. ಅದನ್ನು ಪದ್ದಕ್ಕನೇ ನಡೆಸಲಿ ಅಂತ ಜಿತೇಂದ್ರ ಫೋನಿನಲ್ಲಿ ಹೇಳಿದ್ದಾರೆ. ಕಂಪನಿ ಡಾಕ್ಟ್ರು ನೀವು, ನಿಮ್ಮದೊಂದು ರಿಪೋರ್ಟ್ ಬಾಕಿಯಂತೆ. ಅದಕ್ಕೇ ಬಂದದ್ದಲ್ದಾ?

ಹೂಂ ಅನ್ನಿ ಮಾರಾಯ್ತಿ.

...ಬೆರಳಿನ ವಿಷಯವಾ? ಗೊತ್ತು, ಎಲ್ಲರಿಗೂ ಪಾಠ ಮಾಡಿದವಳೇ ನಾನು. ಪಾಲಿಸಿ ತಕಂಡವರು ತಿಂಗಳಿಗೊಮ್ಮೆ ಫೋನಿನ ಕ್ಯಾಮೆರಾದ ಮೇಲೆ ಬೆರಳು ಇಡಬೇಕು, ಫೋನು ನಾಡಿ ನೋಡ್ತದೆ, ತಪ್ಪದೆ ಇಟ್ಟವರಿಗೆ ಕಂತಿನಲ್ಲಿ ರಿಯಾಯಿತಿ. ಗಂಗೊಳ್ಳಿಯಲ್ಲಿ ನೂರಾ ಹದಿನೆಂಟು ಜನ ಬೋಟಿನವರು. ಒಬ್ಬರೂ ಒಂದು ತಿಂಗಳೂ ತಪ್ಪಿಸಲಿಲ್ಲ. ಇಡೀ ಕರಾವಳಿಗೆ ನಾವೇ ಫಸ್ಟ್ ಅಂತ ನೀವೇ ಸ್ವೀಟ್ ಕಳಿಸಿದ್ರಿ. ನಾನು ಈ ಏಜೆಂಟ್ ಫೋನು ಹಿಡಿದು ಮನೆ ಮನೆಗೆ ಹೋಗಿ, ಒಬ್ಬೊಬ್ಬನ ಬೆರಳು ಹಿಡಿದು...

ಎಂತಕ್ಕೆ ನನ್ನನ್ನು ಹಾಗೆ ಕಾಣ್ತ್ರಿ?

ಇದೆಂತ, ನಾಡಿಯ ಗೆರೆ? ಬೋಟಿನ ನಾಗನದ್ದಾ. ಇದು ಕುಷ್ಟನದ್ದು. ಇದು ಕಿಟ್ಟನದ್ದು. ಒಂದೇ ತರ ಇದೆ, ಹೌದು. ಒಂದೇ ಸಮುದ್ರ, ಒಂದೇ ಬೋಟು, ಒಂದೇ ಮೀನುಸಾರು. ನಾಡಿ ಮಾತ್ರ ಬೇರೆ ಬೇರೆ ಎಲ್ಲಿಂದ ಬರ್ಬೇಕು? ಸ್ವಲ್ಪ ನಗಿ.

...ಈ ಗೆರೆ ಬಂದ ದಿನ ಕುಷ್ಟ ಎಲ್ಲಿದ್ದ ಅಂತಲಾ? ಮನೆಯಲ್ಲೇ ಇದ್ದ. ಜ್ವರ. ಅಲ್ಲ, ಜ್ವರ ನಾಗನಿಗೆ. ಕುಷ್ಟ... ಆ ತಾರೀಕಿಗೆ ಬೋಟು ಎಲ್ಲಿತ್ತು ಅಂತ ನಿಮಗೆ ಯಾರು ಹೇಳಿದ್ದು? ಹೇಳೂದಿಲ್ಲವಾ? ಸರಿ, ಸುಮ್ಮನೆ ಕೂಕಣಿ. ನಾನೂ ಸುಮ್ಮನೆ ಕೂರ್ತೆ.

...

ಸುಮ್ಮನೆ ಕೂರೂಕೆ ಆತಿಲ್ಲ. ಹತ್ತು ದಿನ ಕಡಲಲ್ಲಿ ಇಪ್ಪ ಗಂಡಸಿನ ಬೆರಳನ್ನು ನಾನು ಎಲ್ಲಿಂದ ತರ್ಲಿ ಡಾಕ್ಟ್ರೇ? ದಡಕ್ಕೆ ಬಂದ್ರೆ ಮೀನು ಇಳಿಸಿ ಮಲಗ್ತ್ರು. ಎಬ್ಬಿಸಿದ್ರೆ ‘ಪದ್ದಕ್ಕ, ನೀನೇ ಒತ್ತು’ ಅಂತ ಮಗ್ಗುಲು ತಿರುಗ್ತ್ರು. ನಿಮ್ಮ ಆ್ಯಪಿಗೆ ಬೋಟು ಹೋಪುದು ಬಪ್ಪುದು ಎಂತ ಗೊತ್ತು? ತಿಂಗಳ ಮೊದಲನೇ ದಿನ ಇಲ್ಲಿ ಕೂತು, ಒಂದೊಂದೇ ಹೆಸರು ತೆಗೆದು, ಈ ಬೆರಳು ಇಡೂದು. ಮುಳ್ಳು ಚುಚ್ಚಿ ಚುಚ್ಚಿ ದಪ್ಪ ಆದ ಬೆರಳು, ಗಂಡಸರದ್ದೇ ಅಂತ ಫೋನು ಒಪ್ಪಿಕೊಳ್ತದೆ. ಮಳೆಗಾಲದಲ್ಲಿ ಬೋಟು ದಡದಲ್ಲೇ ಇರ್ತದಲ್ಲ ಅಂತ ಕೇಳೂದಾ? ಅಷ್ಟರಲ್ಲಿ ನನಗೆ ರೂಢಿಯಾಗಿತ್ತು.

ಬರ್ಕಣಿ. ಪದ್ದು ಸುಳ್ಳು ಬೆರಳು ಒತ್ತಿದಳು, ಬೋಟಿನವರದ್ದು ತಪ್ಪಿಲ್ಲ, ಅವರ ಪಾಲಿಸಿ ಮುಟ್ಟಬೇಡಿ. ಬೈಂದೂರಿನ ಆಫೀಸು ಬೇರೆಯವರಿಗೆ ಕೊಡಿ. ಆಯ್ತಲ್ಲ? ಇನ್ನು ಬೈಯಿರಿ.

...ಎಂತಕ್ಕೆ ಬೈಯೂದಿಲ್ಲ?

ಈ ಗೆರೆಯಾ? ಬಡಿತ ನಡುನಡುವೆ ತಪ್ಪುತ್ತದೆ, ಕಂಡೆ. ಅಕ್ಟೋಬರಿನಿಂದಲಾ? ನೂರಾ ಹದಿನೆಂಟರಲ್ಲೂ? ಓ... ಗಂಗೊಳ್ಳಿಯ ಬೋಟಿನವರಿಗೆಲ್ಲ ಒಟ್ಟಿಗೇ ಹೃದಯದ ಕಾಯಿಲೆ ಬಂತು ಅಂತ ಕಂಪನಿ ಹೆದರಿ ನಿಮ್ಮನ್ನು ಇಲ್ಲಿಗೆ ಓಡಿಸಿದ್ದಾ! ನಕ್ಕುಬಿಡಿ ಡಾಕ್ಟ್ರೇ. ಇದು ನಗೂ ವಿಷಯವೇ.

...ನಗೂದಿಲ್ಲ ನೀವು.

ಆಯಾಸ ಗೀಯಾಸ ಎಂತದೂ ಇಲ್ಲ. ಅಂದ್ರೆ... ಏರು ಹತ್ತುವಾಗ ನಿಲ್ತೆ. ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಗೋಡೆಯ ಪೋಸ್ಟರ್ ಎಲ್ಲ ಓದ್ತೆ, ಎರಡೆರಡು ಸಲ ಓದ್ತೆ. ಪದ್ದಕ್ಕನಿಗೆ ಓದುವ ಹುಚ್ಚು ಅಂತ ಜನ ಹೇಳ್ತ್ರು. ಹೇಳಲಿ. ಉಸಿರು ವಾಪಸ್ ಬಪ್ಪಲ್ಲಿವರೆಗೆ ಕಾಯೂದು ಅಂತ ಯಾರಿಗೆ ಹೇಳ್ಲಿ? ಪದ್ದುವಿಗೇ ಎದೆನೋವು ಅಂದ್ರೆ ಪದ್ದು ಮಾರುವ ಆರೋಗ್ಯ ವಿಮೆ ಯಾರು ತಕಂತ್ರು?

ನನ್ನ ಪಾಲಿಸಿಯಾ...

ಹುಡುಕಬೇಡಿ. ಆ ಪಟ್ಟಿಯಲ್ಲಿ ನನ್ನ ಹೆಸರಿಲ್ಲ.

ಕೈ ಬಿಡಿ ಮಾರಾಯ್ತಿ, ಬೆಳಿಗ್ಗೆ ಮೀನು ಮುಟ್ಟಿದ ಕೈ. ...ಎಂತ, ನಾಡಿ ಎಣಿಸ್ತಿದ್ರಿಯಾ?

ಸರಿ, ಎಣಿಸಿ. ನಾನು ಮಾತಾಡೂದಿಲ್ಲ.