ಹಸಿ ಬಂಡೆಯ ಮೇಲೆ ತುಂಬಿದ ಉಡಿ

ಹೇಳಿಕೆ ಕೊಟ್ಟವರು: ಶ್ರೀಶೈಲಪ್ಪ ತಂದೆ ಮಲಕಪ್ಪ, ವಯಸ್ಸು 62 ವರ್ಷ, ಉದ್ಯೋಗ ಒಕ್ಕಲುತನ, ಸಾ: ಕನ್ನೊಳ್ಳಿ, ತಾಲೂಕು ಸಿಂದಗಿ, ಜಿಲ್ಲೆ ವಿಜಯಪುರ.

ಯಾರ ಒತ್ತಾಯಕ್ಕೂ ಅಲ್ಲದೆ, ಪೊಲೀಸ್ ಸಾಹೇಬರು ಕೇಳಿದ್ದಕ್ಕೆ ನಾನೇ ಬಾಯಿಬಿಟ್ಟು ಈ ಮೂಲಕ ತಿಳಿಸುವುದೇನೆಂದರೆ:

ಮೃತ ಜಯಮಾಲಾ, ವಯಸ್ಸು 56, ನನ್ನ ಹೆಂಡತಿ. ಅವಳ ತವರು ಇಂಡಿ ತಾಲೂಕಿನ ಅಗರಖೇಡ, ಭೀಮಾ ಹೊಳೆಯ ದಂಡೆ. ಮದುವೆಯಾಗಿ ಬಂದ ವರ್ಷದಿಂದ ಪ್ರತಿ ಸಂಕ್ರಮಣಕ್ಕೆ ತವರಿಗೆ ಹೋಗಿ, ಹೊಳೆಯಲ್ಲಿ ಮಿಂದು, ಗಂಗವ್ವನಿಗೆ ಉಡಿ ತುಂಬಿ ಬರುವುದು ಅವಳ ಪದ್ಧತಿ. ಈ ವರ್ಷ ನಮ್ಮ ಮಗ ಅಮಿತ, ಸಿಂದಗಿಯಲ್ಲಿ ಗೊಬ್ಬರದ ಅಂಗಡಿ ಇಟ್ಟವನು, ಅವ್ವ ಇನ್ನೂ ಸಮುದ್ರ ನೋಡಿಲ್ಲವೆಂದು ನಮ್ಮಿಬ್ಬರನ್ನು ಕರಾವಳಿ ಪ್ರವಾಸದ ಬಸ್ಸಿಗೆ ಹತ್ತಿಸಿದ. ಅವನು ಬರಲಿಲ್ಲ.

ದಿನಾಂಕ 12-01-2025ರಂದು ಬೆಳಿಗ್ಗೆ ಸಿಂದಗಿ ಬಿಟ್ಟೆವು. ಬಸ್ಸಿನ ಗೈಡ್ ಮುದ್ದೇಬಿಹಾಳದ ಚೇತನಕುಮಾರ, ವಯಸ್ಸು ಸುಮಾರು 40. ಅವನು ಮೈಕಿನಲ್ಲಿ ಬಿಡದೆ ಮಾತಾಡಿದ. ನಾನು ಕಿವಿಗೆ ಟವೆಲ್ ಸುತ್ತಿಕೊಂಡು ಮಲಗಿದೆ. ಜಯಮಾಲಾ ಸಜ್ಜೆ ರೊಟ್ಟಿಯ ಚೀಲದಲ್ಲಿ ಉಡಿಯ ಸಾಮಾನು ಬೇರೆ ಗಂಟು ಕಟ್ಟಿ ತಂದಿದ್ದಳು: ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಹಸಿರು ಖಣ. ಸಮುದ್ರಕ್ಕೂ ಉಡಿ ತುಂಬುತ್ತೀಯೇನು ಎಂದು ನಾನು ನಕ್ಕೆ. ಭೀಮಾ ಕೃಷ್ಣೆಗೆ ಕೂಡಿ ಮೂಡಣ ಸಮುದ್ರಕ್ಕೆ ಹೋಗುತ್ತದೆ, ನಾವು ಹೊರಟಿದ್ದು ಪಡುವಣ ಸಮುದ್ರಕ್ಕೆ, ನಿನ್ನ ತವರಿಗೂ ಇದಕ್ಕೂ ಏನೂ ಸಂಬಂಧವಿಲ್ಲ ಎಂದೆ. ಅದಕ್ಕೆ ಅವಳು, “ನೀರು ನೀರಿಗೆ ಬೀಗರಾಗಾಕ ನಿಮ್ಮನ್ನ ಕೇಳಬೇಕೇನ್ರಿ? ಸುಮ್ಮ ಕುಂಡ್ರಿ” ಎಂದಳು. ಹಿಂದಿನ ಸೀಟಿನವರು ನಕ್ಕರು. ನನಗೆ ಸಿಟ್ಟು ಬಂದಿತ್ತು. ಈಗ ಆ ಮಾತೇ ಕಿವಿಯಲ್ಲಿದೆ.

ಮರುದಿನ ಗೋಕರ್ಣದ ದರ್ಶನ ಮುಗಿಸಿ, ಸಂಜೆ 4-30ರ ಸುಮಾರಿಗೆ ಕುಮಟಾ ಕಡೆಯ ಒಂದು ದಂಡೆಯಲ್ಲಿ ಬಸ್ ನಿಂತಿತು. ಅಲ್ಲಿ ಗುಡ್ಡ ನೆಟ್ಟಗೆ ಸಮುದ್ರಕ್ಕೆ ಇಳಿದಿದೆ. ಕೆಳಗೆ ಒಂದಿಷ್ಟು ಮರಳು, ಮರಳಿನಾಚೆ ಕರಿ ಬಂಡೆಗಳು. ಚೇತನಕುಮಾರ ಬಸ್ಸಿನ ಬಾಗಿಲಿಗೆ ಅಡ್ಡ ನಿಂತು, ಮರಳಿನ ಮೇಲಷ್ಟೇ ನಿಲ್ಲಬೇಕು, ಯಾರೂ ಬಂಡೆ ಹತ್ತಬಾರದು ಎಂದು ತಿಳಿಸಿ, ಆಮೇಲೆ ಇಳಿಸಿದ. ಎರಡು ಸಲ ಹೇಳಿದ. ಇದನ್ನು ಬಿಡದೆ ಬರೆದುಕೊಳ್ಳಬೇಕು.

ಜಯಮಾಲಾ ಗಂಟು ಹಿಡಿದು ಬಂಡೆಯ ಕಡೆ ನಡೆದಳು. ನಾನು ಹಿಂದೆ ಹೋದೆ. ಚೇತನಕುಮಾರ ಸೀಟಿ ಊದಿ, “ಅವ್ವಾರ, ಬಂಡಿಗಲ್ಲು ಬಿಟ್ಟು ಈಚಿ ಬರ್ರಿ, ದೊಡ್ಡ ತೆರಿ ಬರ್ತಾವ” ಎಂದು ಕೂಗಿದ. ಅವಳು ಅಂಗೈಯನ್ನು ಬಂಡೆಗೆ ಒತ್ತಿ ನನಗೆ ತೋರಿಸಿದಳು. “ನೋಡ್ರಿ, ಕಲ್ಲು ಹಸಿ ಐತಿ, ನೀರು ಕೆಳಗ ಐತಿ. ಇಳ್ಯಾಕತ್ತೈತಿ. ಹೊಳಿ ದಂಡಿ ಮ್ಯಾಲ ಹುಟ್ಟಿದಾಕಿಗೆ ನೀರಿಂದು ಹೇಳಿಕೊಡ್ತಾನೇನು ಅಂವಾ?” ಎಂದಳು.

ಈ ಮಾತು ಸಾಹೇಬರಿಗೆ ತಿಳಿಯದ್ದರಿಂದ ಬಿಡಿಸಿ ಹೇಳುತ್ತೇನೆ. ಹೊಳೆ ಏರುವಾಗ ಒಣ ಕಲ್ಲಿನ ಮೇಲೆ ಏರುತ್ತದೆ, ಇಳಿಯುವಾಗ ಹಸಿ ಕಲ್ಲು ಬಿಟ್ಟು ಇಳಿಯುತ್ತದೆ. ಮೆಟ್ಟಿಲು ಹಸಿಯಿದ್ದು ನೀರು ಕೆಳಗಿದ್ದರೆ ಅಗರಖೇಡದ ಹೆಂಗಸರು ಧೈರ್ಯವಾಗಿ ಇಳಿದು ಬಟ್ಟೆ ಒಗೆಯುತ್ತಾರೆ. ಹೊಳೆಯಲ್ಲಿ ಅವಳ ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ. ಸಮುದ್ರದಲ್ಲಿ ಹಸಿ ಕಲ್ಲೆಂದರೆ ತೆರೆ ಈಗಷ್ಟೇ ಬಂದು ಹೋದ ಜಾಗ, ಮತ್ತೆ ಬರುವ ಜಾಗ. ಅದು ಅವಳಿಗೆ ಗೊತ್ತಿರಲಿಲ್ಲ. ಬಾವಿ ನೀರು ಕುಡಿದು ಬೆಳೆದ ನನಗೆ ಎಲ್ಲಿಂದ ಗೊತ್ತಿರಬೇಕು? ನೀರಿನ ಮಾತು ಅವಳದೇ ಎಂದು ತಡೆಯಲಿಲ್ಲ.

ಅವಳು ಕುಂಕುಮ ಹಚ್ಚಿ ಬಂಡೆಯ ಅಂಚಿಗೆ ಉಡಿ ಸುರಿದಳು. ಸಣ್ಣ ತೆರೆಯೊಂದು ಬಂದು ಖಣವನ್ನೂ ಕೊಬ್ಬರಿಯನ್ನೂ ಒಯ್ದಿತು. ನಾನು ಸಾಕು ಬಾ ಎಂದು ಕರೆದೆ. ಉಡಿ ತುಂಬಿಸಿಕೊಂಡವರು ನಾಲ್ಕು ಕಾಳು ಮರಳಿ ಕೊಡುವುದು ನಮ್ಮ ಕಡೆಯ ರೂಢಿ. ಹೊಳೆಗೆ ತುಂಬಿದರೆ ನೀರಂಚಿನ ಕಾಳನ್ನು ನಾವೇ ಆರಿಸಿಕೊಳ್ಳುತ್ತೇವೆ. “ತಡೀರಿ, ನಾಕ ಕಾಳ ಮರಳಿ ಇಸಗೊಂಡು ಬರ್ತೇನಿ. ಬರೀ ಸೆರಗಲೇ ಬರಬಾರದು” ಎಂದು ಬಗ್ಗಿದಳು. ಕಾಳು ಆರಿಸಿ, ಸೆರಗಿನ ತುದಿಗೆ ಗಂಟು ಹಾಕಿ, ಎದ್ದು ನನ್ನ ಕಡೆ ತಿರುಗಿದಳು. ಮುಖದ ತುಂಬ ನಗು ಇತ್ತು. ಅವಳ ಬೆನ್ನ ಹಿಂದೆ ನೀರು ಎದ್ದಿದ್ದು ನನಗೆ ಕಂಡಿತು. ನೀರು ಇಳಿದಾಗ ಬಂಡೆ ಹಸಿಯಾಗಿತ್ತು. ಅವಳಿರಲಿಲ್ಲ.

ಚೇತನಕುಮಾರ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನೀರಿಗಿಳಿದ. ತೆರೆ ಅವನನ್ನು ಬಂಡೆಗೆ ಬಡಿಯಿತು, ಮೊಣಕಾಲು ಒಡೆಯಿತು. ಆದರೂ ಕತ್ತಲಾಗುವವರೆಗೆ ಹುಡುಕಿದ. ಇಂದು ಬೆಳಿಗ್ಗೆ 7-10ಕ್ಕೆ ಮೀನುಗಾರರು ಶವವನ್ನು ದಂಡೆಗೆ ತಂದರು. ನನ್ನ ಹೆಂಡತಿಯದೇ ಎಂದು ಗುರುತಿಸಿದೆ.

ಮಗ ಅಮಿತ ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದು ಅತ್ತ. “ಅಪ್ಪಾ, ಗೈಡ್ ಏನೂ ಹೇಳಲಿಲ್ಲಂತ ಬರಸ್ರಿ. ನಮ್ಮವ್ವ ನೀರಾಗ ಸಾಯಾಕಿ ಅಲ್ಲ” ಎಂದ. ಬಸ್ಸಿಗೆ ಹತ್ತಿಸಿದವನು ತಾನು ಎಂಬುದು ಅವನನ್ನು ತಿನ್ನುತ್ತಿದೆ. ಅವನ ಸಂಕಟ ನನಗೆ ತಿಳಿಯುತ್ತದೆ, ಆದರೂ ಹಾಗೆ ಬರೆಸುವುದಿಲ್ಲ. ಗೈಡ್ ಹೇಳಿದ್ದ, ಕೂಗಿದ್ದ. ನಿನ್ನೆ ರಾತ್ರಿಯಿಂದ ಠಾಣೆಯ ಹೊರಗೆ ಬೆಂಚಿನ ಮೇಲೆ ಪಟ್ಟಿ ಕಟ್ಟಿಕೊಂಡು ಕೂತಿದ್ದಾನೆ, ಅವನನ್ನು ಮನೆಗೆ ಕಳಿಸಬೇಕು. ಒಂದು ಸಾವಿಗೆ ಎರಡು ಮನೆ ಅಳುವುದು ಬೇಡ.

ಪಂಚನಾಮೆಯ ವೇಳೆ ಸೆರಗಿನ ಗಂಟು ಬಿಚ್ಚಿದಾಗ ಅಕ್ಕಿ ಕಾಳು ಸಿಕ್ಕವು, ಲಕೋಟೆಯಲ್ಲಿ ಹಾಕಿದ್ದೇವೆ ಎಂದು ಪೇದೆಯವರು ತಿಳಿಸಿದರು. ತಾಳಿ, ಬಳೆ ಮಗನ ಕೈಗೆ ಕೊಡಬಹುದು. ಆ ಕಾಳು ಮಾತ್ರ ನನಗೆ ಕೊಡಿಸಬೇಕು. ಇವತ್ತು ಸಂಕ್ರಮಣ. ಅವಳು ಮರಳಿ ಇಸಿದುಕೊಂಡದ್ದನ್ನು ನಾನು ಅಗರಖೇಡದ ಹೊಳೆಗೆ ಮುಟ್ಟಿಸಬೇಕು.

ಬರೆದದ್ದನ್ನು ಓದಿ ಹೇಳಿದರು, ಕೇಳಿದೆ. ಎಲ್ಲವೂ ನಾನು ಕಂಡದ್ದು, ಕೇಳಿದ್ದು, ನಿಜ. ಗೈಡ್ ಏನೂ ಹೇಳಲಿಲ್ಲ ಎಂಬ ಮಾತು ನನ್ನದಾಗಿ ಇದರಲ್ಲಿ ಎಲ್ಲಿಯೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮಗನ ಎದುರಿಗೇ ಸಹಿ ಮಾಡಿದ್ದೇನೆ.

ಸ್ಥಳ: ಕುಮಟಾ
ದಿನಾಂಕ: 14-01-2025
(ಸಹಿ) ಶ್ರೀಶೈಲಪ್ಪ, ಜಯಮಾಲಾಳ ಗಂಡ