ತಂಗಿ ಕಳಿಸಿದ ಚೌಕಗಳು

ಮೊಬೈಲ್ ರಿಪೇರಿ ಅಂಗಡಿಯಲ್ಲಿ ನನ್ನ ಮುಂದೆ ವಯಸ್ಸಾದ ಟೈಲರಮ್ಮ ಒಬ್ಬರು ನಿಂತಿದ್ದರು.

“ತಂಗಿ ಮೆಸೇಜೆಲ್ಲಾ ಬರೀ ಚೌಕ ಚೌಕ ಕಾಣುತ್ತಪ್ಪ.”

“ಈ ಫೋನಲ್ಲಿ ಕನ್ನಡ ಅಕ್ಷರ ಮೂಡಲ್ಲಮ್ಮ. ಇಷ್ಟು ದಿನ ಯಾರಿಗೂ ತೋರಿಸಲಿಲ್ವಾ?”

“ನಾವು ಮಾತು ಬಿಟ್ಟಿದ್ವಿ. ಚೇಷ್ಟೆ ಮಾಡ್ತಿದ್ದಾಳೆ ಅಂದ್ಕೊಂಡೆ. ಈಗ ಆ ಚೌಕಗಳೂ ಬರ್ತಿಲ್ಲ, ಅದಕ್ಕೇ ಬಂದೆ.”

ರಿಪೇರಿಯವನು ಆ ಮೆಸೇಜುಗಳನ್ನು ತನ್ನ ಫೋನಿಗೆ ಕಳಿಸಿಕೊಂಡು ಓದಿದ.

“‘ಅಕ್ಕಾ, ತಪ್ಪಾಯ್ತು. ಮನೆಗೆ ಬರಲಾ?’”

“ಆಮೇಲೆ?”

“‘ಬೇಡ ಅಂತಾದ್ರೂ ಹೇಳು.’”

“ಕೊನೇದು?”

“‘ಆಯ್ತು ಬಿಡಕ್ಕ. ಇನ್ನು ತೊಂದರೆ ಕೊಡಲ್ಲ.’”

ಟೈಲರಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು.

“ಬೇರೆ ಫೋನ್ ತೋರಿಸ್ಲಾ ಅಮ್ಮ?”

“ಬೇಡಪ್ಪ, ನನ್ನ ಫೋನೇ ಕೊಡು. ಮಾತಾಡೋಕೆ ಅದೇ ಸಾಕು.”

ಫೋನನ್ನು ಕಿವಿಗಿಟ್ಟುಕೊಂಡು ಅವರು ಹೊರಗೆ ನಡೆದರು. ಮೆಟ್ಟಿಲಿಳಿಯುವಾಗ ಅವರ ದನಿ ಕೇಳಿಸಿತು.

“ಯಾರು ಅಂದ್ರೆ? ನಾನು ಕಣೇ, ಅಕ್ಕ.”